ಪಟ್ಟಿಯ ದಪ್ಪ ಕಳೆದೆಯಾ?

ಗೌರಿ ಹಬ್ಬಕ್ಕೆ ಇನ್ನು ನಾಲ್ಕು ದಿನವಿತ್ತು. ಅಡಿಗೆಮನೆಯಲ್ಲಿ ಚಕ್ಕುಲಿ ಒತ್ತುತ್ತಾ ಕೂತಿದ್ದೆ. ಅಷ್ಟರಲ್ಲಿ ನಮ್ಮ ಮಗರಾಯ ಒಂದು ರಟ್ಟಿನ ಪೆಟ್ಟಿಗೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಹಸುಗೂಸನ್ನು ಆಸ್ಪತ್ರೆಯಿಂದ ಮನೆಗೆ ತರುವವನ ಹಾಗೆ ಮೆಲ್ಲಗೆ ಒಳಗೆ ಬಂದ. ಊಟದ ಮೇಜಿನ ಮೇಲೆ ಹಳೇ ಪೇಪರು ಹಾಸಿ, ಪೆಟ್ಟಿಗೆ ಬಿಚ್ಚಿ, ಒಳಗಿದ್ದದ್ದನ್ನು ಒಂದರ ಮೇಲೊಂದು ಜೋಡಿಸಿಟ್ಟ. ಒಂದು ತಟ್ಟೆ, ಅದರ ಮೇಲೆ ನಡುವೆ ತೂತಿರುವ ಇನ್ನೊಂದು ತಟ್ಟೆ, ಅದರ ಮೇಲೆ ಮತ್ತೊಂದು, ಎಲ್ಲಕ್ಕೂ ಮೇಲೆ ಒಂದು ಮುಚ್ಚಳ.

"ಪರವಾಗಿಲ್ವೇ! ಅಮ್ಮನಿಗೆ ಹಬ್ಬಕ್ಕೆ ಇಡ್ಲಿ ಸ್ಟ್ಯಾಂಡು ತಂದಿದೀಯ!" ಅಂದೆ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಮ್ಮಾ, ಇದು ಕ್ಲಚ್ಚು. ಟ್ವಿನ್ ಪ್ಲೇಟ್ ಕ್ಲಚ್ಚು. ರೇಸಿನ ಕಾರಿಗೆ ಹಾಕೋದು."

ಬೆಲೆ ಕೇಳಿದೆ. ಅರ್ಧ ನುಂಗಿಕೊಂಡು ಹೇಳಿದ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ನಮ್ಮ ಮನೆಯ ಐದು ತಿಂಗಳ ದಿನಸಿ! ಒಲೆಯ ಮೇಲಿದ್ದ ಒಂದು ಬಾಣಲೆ ಚಕ್ಕುಲಿ ಅಷ್ಟರಲ್ಲಿ ಕರಿಕಲಾಗಿತ್ತು.

ನಮ್ಮದು ಹಾಸನ. ಮನೆಯ ಹಿಂದೆ ತಗಡಿನ ಚಾವಣಿಯ ಒಂದು ಗ್ಯಾರೇಜಿದೆ. ನಮ್ಮೆಜಮಾನರು ಮೂವತ್ತು ವರ್ಷ ಅಲ್ಲಿಯೇ ಊರವರ ಸ್ಕೂಟರು, ಕಾರುಗಳನ್ನು ರಿಪೇರಿ ಮಾಡಿದರು. ಅವರು ಹೋಗಿ ಆರು ವರ್ಷವಾಯಿತು. ಈಗ ಮಗ ನಡೆಸುತ್ತಾನೆ. ಹೊಟ್ಟೆಪಾಡಿಗೆ ಊರವರ ಕಾರು, ಮನಸ್ಸಿನ ಸಂತೋಷಕ್ಕೆ ತನ್ನದೇ ಒಂದು ಹಳೇ ಕಾರು. ಅದರ ಹಿಂದಿನ ಸೀಟು ಕಿತ್ತು ಹಾಕಿದ್ದಾನೆ, ಒಳಗೆ ಕಬ್ಬಿಣದ ಪಂಜರ ಕಟ್ಟಿದ್ದಾನೆ. ಆ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ದೇವಸ್ಥಾನಕ್ಕೆ ಹೋಗುವ ಹಾಗಿಲ್ಲ, ತರಕಾರಿ ತರುವ ಹಾಗೂ ಇಲ್ಲ. ಅದು ಓಡುವುದು ರೇಸಿನ ಟ್ರ್ಯಾಕಿನ ಮೇಲೆ ಮಾತ್ರ. ವರ್ಷಕ್ಕೆ ಎರಡು ಸಲ ಅದನ್ನು ಸಣ್ಣ ಲಾರಿಗೆ ಹತ್ತಿಸಿಕೊಂಡು ಕೊಯಮತ್ತೂರಿನ ಹತ್ತಿರದ ಚೆಟ್ಟಿಪಾಳ್ಯಂಗೆ ಹೋಗುತ್ತಾನೆ. ಅಲ್ಲಿ 2003ರಲ್ಲಿ ಶುರುವಾದ ಕರಿ ಮೋಟಾರ್ ಸ್ಪೀಡ್‌ವೇ ಅಂತ ಟ್ರ್ಯಾಕಿದೆ. ಸುತ್ತಳತೆ ಸುಮಾರು 2.1 ಕಿಲೋಮೀಟರು. ಕರಿ ಅಂದರೆ ಕರಿವರ್ಧನ್. ನಮ್ಮ ಮಾರುತಿ 800ರ ಎಂಜಿನ್ ಇಟ್ಟು ಕಡಿಮೆ ಖರ್ಚಿನಲ್ಲಿ ರೇಸಿನ ಕಾರು ಕಟ್ಟಿ, ನಮ್ಮ ಹುಡುಗರ ಕೈಗೂ ಸ್ಟೀರಿಂಗು ಸಿಗುವ ಹಾಗೆ ಮಾಡಿದವರು. 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು. ಟ್ರ್ಯಾಕಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಇದನ್ನೆಲ್ಲ ಮಗ ಹೆಮ್ಮೆಯಿಂದ ಹೇಳುತ್ತಿದ್ದ. ನಾನು ಕೇಳಿಸಿಕೊಳ್ಳುತ್ತಿದ್ದೆ. ಆದರೆ ಒಂದು ಸಲವೂ ಅಲ್ಲಿಗೆ ಹೋಗಿರಲಿಲ್ಲ. ಅವನು ಹೊರಟ ದಿನ ದೇವರ ದೀಪ ಆರದ ಹಾಗೆ ನೋಡಿಕೊಳ್ಳುವುದು, ಫೋನು ಬರುವ ತನಕ ಅನ್ನ ಮುಟ್ಟದೆ ಕೂರುವುದು, ಇಷ್ಟೇ ನನ್ನ ಕೆಲಸ. ಯಾರಿಗೂ ಹೇಳದ ಮಾತೊಂದನ್ನು ನಿಮಗೆ ಹೇಳುತ್ತೇನೆ. ಪ್ರತಿ ಸಲವೂ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ: "ದೇವರೇ, ಇವನಿಗೇನೂ ಆಗದಿರಲಿ. ಆ ಕಾರು ಮಾತ್ರ ಕೆಟ್ಟು ನಿಂತುಬಿಡಲಿ."

ಹೋದ ಸಲ ದೇವರು ಅರ್ಧ ಕೇಳಿಸಿಕೊಂಡ ಹಾಗಿತ್ತು. ಕಾರು ಜಾರತೊಡಗಿತ್ತಂತೆ. ಜಾರುವುದೆಂದರೆ ಏನು ಗೊತ್ತೇ? ನಮ್ಮ ಮಿಕ್ಸಿಯ ಜಾರಿನ ಕೆಳಗಿನ ಕಪ್ಲರು ಸವೆದರೆ ಮೋಟಾರು ಕೂಗುತ್ತದೆ, ಬ್ಲೇಡು ಮಾತ್ರ ತಿರುಗುವುದಿಲ್ಲ, ಚಟ್ನಿ ಇದ್ದ ಹಾಗೇ ಇರುತ್ತದೆ. ಇದೂ ಹಾಗೆಯೇ. ಮಗ ಎಂಜಿನ್ನಿನ ಶಕ್ತಿ ಹೆಚ್ಚಿಸಿಕೊಂಡಿದ್ದ. ಆ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸಬೇಕಾದ ಹಳೇ ಕ್ಲಚ್ಚಿಗೆ ಅದನ್ನು ಹಿಡಿದುಕೊಳ್ಳಲು ಆಗುತ್ತಿರಲಿಲ್ಲ. ಎಂಜಿನ್ ಕಿರುಚುತ್ತಿತ್ತು, ಕಾರು ಮುಂದಕ್ಕೆ ಹೋಗುತ್ತಿರಲಿಲ್ಲ.

"ಒಂದು ಪ್ಲೇಟು ಸಾಲದಿದ್ದರೆ ದೊಡ್ಡದನ್ನು ಹಾಕು. ಎರಡು ಯಾಕೆ?" ಅಂತ ಕೇಳಿದೆ.

ಅದಕ್ಕೆ ಅವನು ಎರಡು ನೋಟ್‌ಬುಕ್ಕು ತಂದ. ಒಂದರ ಹಾಳೆಗಳ ನಡುವೆ ಇನ್ನೊಂದರ ಹಾಳೆ ಬರುವ ಹಾಗೆ ಹೆಣೆದು, "ಎಳಿ ನೋಡೋಣ" ಅಂದ. ಎಷ್ಟು ಎಳೆದರೂ ಬರಲಿಲ್ಲ! ಒಂದೊಂದು ಹಾಳೆಯ ಹಿಡಿತ ಚೂರೇ ಚೂರು, ಸೇರಿದರೆ ಗಂಡಸರ ಕೈಗೂ ಬಗ್ಗುವುದಿಲ್ಲ. ಕ್ಲಚ್ಚಿನ ಒಂದು ಪ್ಲೇಟಿಗೆ ಉಜ್ಜುವ ಮುಖ ಎರಡು. ಎರಡು ಪ್ಲೇಟು ಹಾಕಿ ನಡುವೆ ಉಕ್ಕಿನ ತಟ್ಟೆ ಇಟ್ಟರೆ ನಾಲ್ಕು ಮುಖ. ಅಗಲ ಅದೇ, ಒತ್ತುವ ಸ್ಪ್ರಿಂಗೂ ಅದೇ, ಹಿಡಿತ ಮಾತ್ರ ಎರಡರಷ್ಟು. ದೊಡ್ಡ ಪ್ಲೇಟು ಹಾಕಿದರೆ ತೂಕ ಹೊರಗಡೆಗೆ ಹೋಗಿ, ಎಂಜಿನ್ ಬೇಗ ಏರುವುದೂ ಇಲ್ಲ, ಬೇಗ ಇಳಿಯುವುದೂ ಇಲ್ಲ. ರೇಸಿನಲ್ಲಿ ಗೇರು ಬದಲಿಸುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬೇಕು. ಅದಕ್ಕೇ ಇವು ಚಿಕ್ಕವು. ಇವನು ತಂದಿದ್ದು 184 ಮಿಲಿಮೀಟರಿನದು, ಅಂದರೆ ಏಳೂಕಾಲು ಇಂಚು. ದೊಡ್ಡ ಅಕ್ಕಿರೊಟ್ಟಿಯಷ್ಟೂ ಇಲ್ಲ.

"ಇದೇನು ಹೊಸದಲ್ಲಮ್ಮ. ಅಪ್ಪನ ಚೇತಕ್ ಸ್ಕೂಟರಿನಲ್ಲೂ ಹೀಗೇ ಒಂದರ ಮೇಲೊಂದು ಪ್ಲೇಟು ಇದ್ದದ್ದು. ಕಾರ್ಕು ಅಂಟಿಸಿದವು, ಎಣ್ಣೆಯಲ್ಲಿ ಮುಳುಗಿರ್ತಿದ್ದವು. ನೀನೇ ಎಷ್ಟೋ ಸಲ ತೊಳೆದುಕೊಟ್ಟಿದೀಯ" ಅಂದ.

ನಿಜ. ತೊಳೆದುಕೊಟ್ಟಿದ್ದೇನೆ. ಅವು ಏನು ಅಂತ ಮಾತ್ರ ಇಷ್ಟು ವರ್ಷ ಕೇಳಿರಲಿಲ್ಲ.

ಗ್ಯಾರೇಜಿನ ಹುಡುಗ ಹಬ್ಬಕ್ಕೆ ಊರಿಗೆ ಹೋಗಿದ್ದ. ರಾತ್ರಿ ಊಟವಾದ ಮೇಲೆ ಮಗ ಬಾಗಿಲಲ್ಲಿ ನಿಂತು, "ಅಮ್ಮಾ, ಸ್ವಲ್ಪ ಬರ್ತೀಯಾ? ಟಾರ್ಚು ಹಿಡ್ಕೊಳ್ಳೋರಿಲ್ಲ" ಅಂದ. ಇವರಿದ್ದಾಗ "ಬಾರೇ ಇಲ್ಲಿ, ಬೆಳಕು ಹಿಡಿ" ಅನ್ನುತ್ತಿದ್ದರು. ಸೆರಗು ಸಿಕ್ಕಿಸಿಕೊಂಡು ಹೊರಟೆ.

ಕಾರನ್ನು ಸ್ಟ್ಯಾಂಡಿನ ಮೇಲೆ ಏರಿಸಿ, ಗೇರ್‌ಬಾಕ್ಸನ್ನು ಜಾಕಿಯ ಮೇಲೆ ಇಳಿಸಿದ್ದ. ಹಳೇ ಕ್ಲಚ್ಚು ಬಿಚ್ಚಿದಾಗ ಸೀದ ವಾಸನೆ ಗಮ್ಮೆಂದು ಬಂತು. ಅದು ಕೂರುವ ಫ್ಲೈವೀಲಿನ ಮುಖದ ಮೇಲೆ ನವಿಲುಗರಿಯಂಥ ನೀಲಿ ಕಲೆ. ಬಿಸಿ ವಿಪರೀತವಾದರೆ ಉಕ್ಕು ಹಾಗೆ ನೀಲಿಯಾಗುತ್ತದಂತೆ. ಆ ಫ್ಲೈವೀಲನ್ನು ತೆಗೆದಿಟ್ಟು, ಹೊಸ ಕ್ಲಚ್ಚಿಗೆ ಹೊಂದುವ ಹಾಗೆ ಲೇತಿನಲ್ಲಿ ಮಾಡಿಸಿಟ್ಟಿದ್ದ ಇನ್ನೊಂದನ್ನು ಕೂರಿಸಿದ. ಒಳಗಿನ ಪುಡಿಯನ್ನು ಊದಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದ. ಆ ಪುಡಿ ಎದೆಗೆ ಒಳ್ಳೆಯದಲ್ಲ. ಇವರ ಕಾಲದಲ್ಲಿ ಅದು ನಮಗ್ಯಾರಿಗೂ ಗೊತ್ತಿರಲಿಲ್ಲ, ಬಾಯಲ್ಲೇ ಊದುತ್ತಿದ್ದರು.

ಹೊಸ ಪ್ಲೇಟುಗಳನ್ನು ಮೊದಲು ಗೇರ್‌ಬಾಕ್ಸಿನ ಹಲ್ಲಿನ ದಂಡದ ಮೇಲೆ ಬಿಟ್ಟು ನೋಡಿದ. ಬೆರಳಲ್ಲಿ ತಳ್ಳಿದರೆ ಬಳೆ ಕೈಯೊಳಗೆ ಜಾರುವ ಹಾಗೆ ಜಾರಬೇಕು. ಹಲ್ಲಿಗೆ ಗ್ರೀಸು ಚೂರೇ ಚೂರು. ಹೆಚ್ಚಾದರೆ ತಿರುಗುವಾಗ ಪ್ಲೇಟಿನ ಮುಖಕ್ಕೆ ಎರಚಿ ಹಿಡಿತವೇ ಹೋಗುತ್ತದೆ. ನಾನು ಪ್ಲೇಟಿನ ಮುಖ ಮುಟ್ಟಲು ಹೋದಾಗ, "ಎಣ್ಣೆ ಕೈ!" ಅಂತ ಗದರಿದ. ಚಕ್ಕುಲಿ ಕೈ ತಾನೇ! ಒಂದು ಪ್ಲೇಟು, ಉಕ್ಕಿನ ತಟ್ಟೆ, ಇನ್ನೊಂದು ಪ್ಲೇಟು, ಮೇಲೆ ಮುಚ್ಚಳ. ಯಾವ ಮುಖ ಯಾವ ಕಡೆಗೆ ಅನ್ನುವುದು ಮುಖ್ಯ, ತಿರುವು ಮುರುವಾದರೆ ಬಿಡುವುದೂ ಇಲ್ಲ, ಹಿಡಿಯುವುದೂ ಇಲ್ಲ. ಎರಡು ಪ್ಲೇಟಿನ ನಡುತೂತುಗಳು ಒಂದೇ ನೇರಕ್ಕೆ ಬರಲೆಂದು ಒಂದು ಹಳೇ ದಂಡವನ್ನು ತೂರಿಸಿಟ್ಟ. ಹೊಸ ಬೋಲ್ಟುಗಳನ್ನೇ ಹಾಕಿ, ಎದುರು ಬದುರಿನವನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿದ. ಸರಿಯಾದ ಬಿಗಿ ಬಂದಾಗ ಟಾರ್ಕ್ ರೆಂಚು 'ಟಕ್' ಅಂದಿತು. ಒಂದೊಂದು 'ಟಕ್'ಗೂ ನಾನು ಎಣಿಸಿದೆ.

ಆಮೇಲೆ ಅಳತೆ. "ಪುಸ್ತಕ ತಗೊಳ್ಳಮ್ಮ" ಅಂದ. ಇವರು ಗ್ಯಾರೇಜಿನ ಲೆಕ್ಕ ಬರೆಯುತ್ತಿದ್ದ ಕೆಂಪು ರಟ್ಟಿನ ಪುಸ್ತಕ. ಅದರ ಹಿಂದಿನ ಪುಟಗಳು ಅಳತೆಗೆ ಮೀಸಲು.

ಕ್ಲಚ್ಚಿನ ಮುಚ್ಚಳದ ನಡುವೆ ಹೂವಿನ ಎಸಳಿನ ಹಾಗೆ ಸ್ಪ್ರಿಂಗಿನ ತುದಿಗಳಿರುತ್ತವೆ. ಬೆರಳು ಅನ್ನುತ್ತಾರೆ. ಪೆಡಲು ಒತ್ತಿದಾಗ ಗೇರ್‌ಬಾಕ್ಸಿನ ಕಡೆಯ ಬೇರಿಂಗು ಬಂದು ಆ ಬೆರಳುಗಳನ್ನು ಒತ್ತುತ್ತದೆ, ಪ್ಲೇಟುಗಳು ಹಿಡಿತ ಬಿಡುತ್ತವೆ. ಪೆಡಲು ಬಿಟ್ಟಾಗ ಬೇರಿಂಗಿಗೂ ಬೆರಳಿಗೂ ನಡುವೆ ಒಂದಿಷ್ಟು ಜಾಗ ಉಳಿಯಬೇಕು. ಯಾಕೆಂದರೆ ಪ್ಲೇಟು ಸವೆಯುತ್ತಾ ಹೋದಂತೆ ಬೆರಳುಗಳು ಬೇರಿಂಗಿನ ಕಡೆಗೇ ಸರಿದು ಬರುತ್ತವೆ. ಎರಡು ಪ್ಲೇಟಿನದರಲ್ಲಿ ಸವೆಯುವ ಮುಖ ನಾಲ್ಕು, ಸರಿಯುವುದೂ ಹೆಚ್ಚು. ಜಾಗವಿಲ್ಲದಿದ್ದರೆ ಬೇರಿಂಗು ಸದಾ ಒತ್ತಿಕೊಂಡೇ ಇರುತ್ತದೆ, ಕ್ಲಚ್ಚು ಜಾರಿ ಸುಟ್ಟುಹೋಗುತ್ತದೆ. ಇದರ ಜೊತೆ ಬಂದ ಹಾಳೆಯಲ್ಲಿ ಕಡೇಪಕ್ಷ 4 ಮಿಲಿಮೀಟರು ಬೇಕು ಅಂತಿತ್ತು.

ಮಗ ಇವರ ಉಕ್ಕಿನ ಪಟ್ಟಿಯನ್ನು ತಂದು ಬೆರಳುಗಳ ಮೇಲೆ ಅಡ್ಡ ಇಟ್ಟ. ಪಟ್ಟಿಯ ಮೇಲಿನಿಂದ ಎಂಜಿನ್ನಿನ ಬೆನ್ನಿನವರೆಗೆ ಅಳೆದ. "ನಲವತ್ತೆರಡು. ಪಟ್ಟಿಯ ದಪ್ಪ ನಾಲ್ಕು ಹೋದರೆ ಮೂವತ್ತೆಂಟು. ಬರ್ಕೋ." ಬರೆದೆ. ಆಮೇಲೆ ಗೇರ್‌ಬಾಕ್ಸಿನ ಬಾಯಿಗೆ ಅದೇ ಪಟ್ಟಿ ಅಡ್ಡ ಇಟ್ಟು, ಪಟ್ಟಿಯ ಮೇಲಿನಿಂದ ಒಳಗಿನ ಬೇರಿಂಗಿನವರೆಗೆ ಅಳೆದ. "ನಲವತ್ತೆರಡೂವರೆ. ಅದರಲ್ಲಿ ಮೂವತ್ತೆಂಟು ಹೋದರೆ ನಾಲ್ಕೂವರೆ. ಸರಿಹೋಯ್ತು! ಬೆಳಿಗ್ಗೆ ಗೇರ್‌ಬಾಕ್ಸು ಏರಿಸೋಣ" ಅಂದ. ಆಗ ರಾತ್ರಿ ಹನ್ನೊಂದೂವರೆ.

ನಿದ್ದೆ ಬರಲಿಲ್ಲ. ಎದ್ದು ಕೂತು ಪುಸ್ತಕದ ಹಳೇ ಪುಟ ತಿರುವಿದೆ. ಇವರ ಕೈಬರಹ ನೋಡಿ ಎಷ್ಟು ದಿನವಾಗಿತ್ತೋ! ಒಂದೊಂದು ಅಳತೆಯ ಮುಂದೆಯೂ ಸಣ್ಣ ಅಕ್ಷರದಲ್ಲಿ 'ಪಟ್ಟಿ 4 ಕಳೆದು' ಅಂತ ಬರೆದಿದ್ದರು. ನಾನು ಬೆಳಕು ಹಿಡಿದು ನಿಂತಾಗಲೆಲ್ಲ ಕೆಲಸ ಕಲಿಯುವ ಹುಡುಗರಿಗೆ "ಪಟ್ಟಿಯ ದಪ್ಪ ಕಳೆದೆಯಾ?" ಅಂತ ಕೇಳುತ್ತಲೇ ಇದ್ದರು. ಹಾಗೇ ನನ್ನ ಕಣ್ಣು ಆ ದಿನದ ಪುಟಕ್ಕೆ ಬಂತು. ಮೊದಲ ಸಾಲು: 42, 4 ಕಳೆದು 38. ಎರಡನೇ ಸಾಲು: 42.5. ಅಷ್ಟೇ. ಅಲ್ಲಿ ಮಗ ಪಟ್ಟಿಯ ದಪ್ಪ ಕಳೆದೇ ಇರಲಿಲ್ಲ! ಕಳೆದರೆ 38.5. ಅಂದರೆ ನಿಜವಾಗಿ ಉಳಿಯುವ ಜಾಗ ನಾಲ್ಕೂವರೆ ಅಲ್ಲ, ಬರೀ ಅರ್ಧ ಮಿಲಿಮೀಟರು.

ದಿನಾ ಹಾಲಿನ ಲೆಕ್ಕ ಬರೆಯುವ ನನಗೆ ಕಳೆಯುವ ಲೆಕ್ಕ ತಪ್ಪುವುದಿಲ್ಲ. ಮೂರು ಸಲ ಮಾಡಿ ನೋಡಿದೆ.

ಎದ್ದು ಮಗನನ್ನು ಎಬ್ಬಿಸಬೇಕಿತ್ತು. ಎಬ್ಬಿಸಲಿಲ್ಲ. ನಾನು ಕೇಳಿಕೊಂಡಿದ್ದ ವರವೇ ಕೈಗೆ ಬಂದು ಕೂತಿತ್ತಲ್ಲ! ಸುಮ್ಮನಿದ್ದರೆ ಸಾಕು. ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಕ್ಲಚ್ಚು ಸುಡುತ್ತದೆ, ಕಾರು ಲಾರಿ ಹತ್ತಿ ಮನೆಗೆ ಬರುತ್ತದೆ. ಇನ್ನೊಂದು ಕೊಳ್ಳಲು ಅವನ ಹತ್ತಿರ ದುಡ್ಡಿಲ್ಲ. ಅಲ್ಲಿಗೆ ಮುಗಿಯಿತು. ನಾನಾಗಿ ಏನೂ ಮಾಡಿದ ಹಾಗಿಲ್ಲ, ಸುಳ್ಳು ಹೇಳಿದ ಹಾಗೂ ಇಲ್ಲ.

ಪುಸ್ತಕ ಮುಚ್ಚಿ ಮಲಗಿದೆ. ಆದರೆ ಕತ್ತಲಲ್ಲಿ ಇನ್ನೊಂದು ಚಿತ್ರ ಕಣ್ಣ ಮುಂದೆ ಬಂತು. ಹಿಂದೆ ಹಿಂದೆಯೇ ಕಾರುಗಳು ಅಟ್ಟಿಸಿಕೊಂಡು ಬರುತ್ತಿರುವಾಗ ಇವನ ಕಾರಿನ ಎಳೆತ ತಟ್ಟನೆ ನಿಂತರೆ? ವಿಪರೀತ ಕಾದ ಪ್ಲೇಟು ಒಳಗೇ ಸೀಳಿದರೆ? ಕಾರು 'ಸುಮ್ಮನೆ' ಕೆಟ್ಟು ನಿಲ್ಲುತ್ತದೆ ಅನ್ನುವುದು ನಾನೇ ಹೆಣೆದುಕೊಂಡ ಸಮಾಧಾನ. ಇಷ್ಟು ವರ್ಷ ದೀಪ ಹಚ್ಚಿ ಬೇಡಿಕೊಂಡದ್ದೂ ಇದನ್ನೇ ಅಲ್ಲವೇ ಅನ್ನಿಸಿದಾಗ ಮೈ ನಡುಗಿತು. ಜೊತೆಗೆ ಆ ಪಟ್ಟಿ, ಆ ಪುಸ್ತಕ ಎರಡೂ ಇವರದು. ಇವರ ಗ್ಯಾರೇಜಿನಿಂದ ತಪ್ಪೆಂದು ಗೊತ್ತಿದ್ದೂ ಒಂದು ಗಾಡಿ ಹೊರಗೆ ಹೋದದ್ದಿಲ್ಲ.

ಬೆಳಿಗ್ಗೆ ಕಾಫಿ ಕೊಡುತ್ತಾ ಕೇಳಿದೆ: "ಪಟ್ಟಿಯ ದಪ್ಪ ಕಳೆದೆಯಾ?"

ಲೋಟ ಬಾಯಿಗೆ ಹೋಗದೆ ಅರ್ಧಕ್ಕೇ ನಿಂತಿತು. ಎದ್ದು ಓಡಿದ. ಹತ್ತು ನಿಮಿಷ ಬಿಟ್ಟು ಬಂದು ಬಾಗಿಲ ಹತ್ತಿರ ಕುಸಿದು ಕೂತ. "ಅರ್ಧ ಮಿಲಿಮೀಟರು ಇದೆ ಅಷ್ಟೇ. ಹತ್ತು ಸುತ್ತೂ ಬರ್ತಿರಲಿಲ್ಲ. ಅಮ್ಮಾ, ನಿಂಗೆ ಯಾವಾಗ ಗೊತ್ತಾಯ್ತು?"

"ರಾತ್ರಿ."

"ರಾತ್ರೀನೇ ಯಾಕೆ ಹೇಳ್ಲಿಲ್ಲ?"

ನಿಜ ಹೇಳಿದೆ. ಹರಕೆಯ ಮಾತನ್ನೂ ಬಿಡಲಿಲ್ಲ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, "ನೀನು ಅವತ್ತೆಲ್ಲ ಊಟ ಮಾಡಲ್ಲ ಅಂತ ನಂಗೆ ಗೊತ್ತು. ಗೊತ್ತಿದ್ದೂ ಹೋಗ್ತಿದ್ದೆ. ಈ ಸಲ ನೀನೂ ಬಾ. ಕಣ್ಣಾರೆ ನೋಡಿ ಹೆದರ್ಕೋ. ಇಲ್ಲಿ ಕೂತು ಹೆದರೋದಕ್ಕಿಂತ ಅದು ವಾಸಿ" ಅಂದ.

ಹಬ್ಬ ಮುಗಿದ ಮೇಲೆ ಬೇರಿಂಗು ಕೂರುವ ತೋಳನ್ನು ಲೇತಿನಲ್ಲಿ 4 ಮಿಲಿಮೀಟರು ಕಡಿಸಿಕೊಂಡು ಬಂದ. ಮತ್ತೆ ಅಳೆದ. ಈ ಸಲ ನಾನೇ ಬಾಯಿಬಿಟ್ಟು ಕಳೆದೆ: ನಾಲ್ಕೂವರೆ, ಸರಿಯಾಗಿ. ಗೇರ್‌ಬಾಕ್ಸು ಏರಿತು. ಪೆಡಲಿನ ಕೆಳಗೆ ಒಂದು ಬೋಲ್ಟನ್ನು ತಡೆಯಾಗಿ ನಿಲ್ಲಿಸಿದ. ಈ ಕ್ಲಚ್ಚನ್ನು ಬೇಕಾದ್ದಕ್ಕಿಂತ ಹೆಚ್ಚು ಒತ್ತಿದರೂ ಸ್ಪ್ರಿಂಗು ಹಾಳಾಗುತ್ತದೆ. ಒಂದು ಮುಂದಿನ ಚಕ್ರವನ್ನು ಮಾತ್ರ ಎತ್ತಿ, ಗೇರು ಹಾಕಿ, ನನ್ನನ್ನು ಒಳಗೆ ಕೂರಿಸಿ ಪೆಡಲು ಒತ್ತಿಸಿದ. ಒತ್ತಿದಾಗ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಿತು, ಬಿಟ್ಟಾಗ ಕಲ್ಲಿನ ಹಾಗೆ ನಿಂತಿತು.

ಕಡೆಗೂ ಹೊರಟೆವು. ಚಾಮರಾಜನಗರದ ಮೇಲೆ, ದಿಂಬಂ ಘಾಟಿಯ 27 ತಿರುವು ಇಳಿದು. ಬುತ್ತಿಗೆ ಪುಳಿಯೋಗರೆ, ಹಬ್ಬದಲ್ಲಿ ಉಳಿದ ಚಕ್ಕುಲಿ. ಟ್ರ್ಯಾಕಿನಲ್ಲಿ ಕಾರು ಸ್ಟಾರ್ಟಾದಾಗ ಹೌಹಾರಿದೆ. ಪೆಡಲು ಒತ್ತಿದರೆ ಸಾಕು, ಪಾತ್ರೆ ಬುಟ್ಟಿ ಅಲ್ಲಾಡಿಸಿದ ಹಾಗೆ ಗಲಗಲ ಸದ್ದು! ಬಿಡಿಯಾದ ಪ್ಲೇಟುಗಳು ಹಾಗೆಯೇ ಸದ್ದು ಮಾಡುತ್ತವಂತೆ. ಹೊರಡುವಾಗ ಎರಡು ಸಲ ಎಂಜಿನ್ ಆಫಾಯಿತು. ನಮ್ಮ ಮನೆ ಕಾರಿನ ಕ್ಲಚ್ಚು ಮೆಲ್ಲಗೆ ಹಿಡಿಯಲೆಂದು ಒಳಗೆ ಮೆತ್ತನೆಯ ಸ್ಪ್ರಿಂಗುಗಳಿರುತ್ತವೆ. ಇದರಲ್ಲಿ ಅವಿಲ್ಲ, ಹಿಡಿದರೆ ಒಮ್ಮೆಲೇ ಗಪ್ಪನೆ. ಪೇಟೆಯ ಟ್ರಾಫಿಕ್ಕಿಗೆ ಇಂಥದ್ದು ಖಂಡಿತ ಬೇಡ. ಒಮ್ಮೆ ಹೊರಟ ಮೇಲೆ ಮಾತ್ರ ಗೇರು ಬದಲಿಸಿದ್ದೇ ಗೊತ್ತಾಗದ ಹಾಗೆ ಹೋದ. ಗೆದ್ದನೇ ಅಂತ ಕೇಳಬೇಡಿ, ಅವತ್ತು ರೇಸೇ ಇರಲಿಲ್ಲ, ಬರೀ ಅಭ್ಯಾಸ. ಒಂದೊಂದು ಸುತ್ತಿಗೂ ಉಸಿರು ಬಿಗಿಹಿಡಿದು ನಿಂತಿದ್ದೆ. ಬಂದು ಹೆಲ್ಮೆಟ್ಟು ತೆಗೆದವನ ಮುಖದಲ್ಲಿ ಇವರ ನಗು ಕಂಡಿತು.

ಅಕ್ಕತಂಗಿಯರೇ, ಕಾರು ಓಡಿಸುವವರಿಗೆ ಮಗ ಹೇಳಿಕೊಟ್ಟ ಒಂದು ಮಾತು ಹೇಳಿಬಿಡುತ್ತೇನೆ. ಕ್ಲಚ್ಚಿನ ಪೆಡಲಿನ ಮೇಲೆ ಸುಮ್ಮಸುಮ್ಮನೆ ಕಾಲಿಟ್ಟುಕೊಂಡು ಹೋಗಬೇಡಿ. ಹಗುರವಾಗಿ ಇಟ್ಟರೂ ಬೇರಿಂಗು ಒತ್ತುತ್ತಲೇ ಇರುತ್ತದೆ, ಪ್ಲೇಟು ನಿಮಗೆ ತಿಳಿಯದೆಯೇ ಸವೆಯುತ್ತದೆ. ಗೇರು ಹಾಕಿ ಆದ ಮೇಲೆ ಕಾಲು ಪೂರ್ತಿ ತೆಗೆದುಬಿಡಿ. ಇದನ್ನು ಕೇಳಿದಾಗ ನನಗೆ ನನ್ನ ನೆನಪೇ ಬಂತು. ನಾನೂ ಇಷ್ಟು ವರ್ಷ ಅವನ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಕೂತಿದ್ದೆ.

ಹೆದರಿಕೆ ಹೋಗಿದೆ ಅಂತ ಹೇಳಲಾರೆ. ಹೋಗುವುದೂ ಇಲ್ಲ. ಮೊನ್ನೆ ನನಗೆ ಮಂಡಿನೋವು, ಅವನೊಬ್ಬನೇ ಹೋಗಿದ್ದ. ದೀಪ ಹಚ್ಚಿದೆ, ಆದರೆ ಊಟ ಮಾಡಿಯೇ ಕೂತೆ. ಸಂಜೆ ಫೋನು ಬಂದಾಗ ಕೆಂಪು ರಟ್ಟಿನ ಪುಸ್ತಕ ತೆರೆದು, ಪೆನ್ಸಿಲು ಹಿಡಿದುಕೊಂಡು ಕೇಳಿದೆ: "ಪೆಡಲಿನ ಸಡಿಲು ಎಷ್ಟಿದೆ? ಹೇಳು, ಬರ್ಕೋತೀನಿ."